ಹಿಡಿದಿಟ್ಕೋಬೇಕಾ? ಹಾಗಿದ್ರೆ ಕಾಸು ಕೊಡಿ

ಇಂಡಿಯಾದಲ್ಲಿ ಎಚ್‌ಆರ್ ಕೆಲಸದಲ್ಲಿರೋ ಗೆಳೆಯರು ಸಿಕ್ಕಿದಾಗೆಲ್ಲ ಒಂದೇ ಗೋಳು, ಆಫರ್ ತಗೊಂಡ ಹುಡುಗ್ರು ಜಾಯಿನಿಂಗ್ ದಿನ ಫೋನೇ ಎತ್ತಲ್ಲ ಅಂತ. ಸರಿ, ಆದ್ರೆ ಅದೇ ಕಂಪನಿ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ, 90 ದಿನ ನೋಟಿಸ್ ಪೀರಿಯಡ್ ಇರತ್ತೆ, ಅಂದ್ರೆ ರಿಸೈನ್ ಮಾಡಿದ ಮೇಲೂ ಅಷ್ಟು ದಿನ ಅಲ್ಲೇ ದುಡೀಬೇಕು. ಅವ್ರದ್ದೇ ಜಾಹೀರಾತಲ್ಲಿ ‘ಇಮ್ಮೀಡಿಯೆಟ್ ಜಾಯಿನರ್ಸ್ ಮಾತ್ರ’ ಅಂತಾನೂ ಇರತ್ತೆ. ಅಂದ್ರೆ ತಮ್ಮೋರು ಮೂರು ತಿಂಗಳು ಕೂರ್ಬೇಕು, ಪಕ್ಕದ ಕಂಪನಿಯೋರು ಮಾತ್ರ ನಾಳೆನೇ ಬರ್ಬೇಕು. ಮೂರು ತಿಂಗಳು ಟೈಮ್ ಕೊಟ್ರೆ ಯಾರಾದ್ರೂ ಸುಮ್ನಿರ್ತಾರಾ, ಒಂದು ಆಫರ್ ತೋರಿಸಿ ಇನ್ನೊಂದು, ಅದನ್ನ ತೋರಿಸಿ ಮತ್ತೊಂದು ತಗೋತಾರೆ, ಕೊನೆಗೆ ಎಲ್ಲರಿಗೂ ಕೈ ಕೊಡ್ತಾರೆ. ಈ ಮಾರ್ಕೆಟ್ ಕಟ್ಟಿದ್ದು ಕಂಪನಿಗಳೇ, ಹುಡುಗ್ರಲ್ಲ.

ನಾನಿರೋದು ಜರ್ಮನಿಯಲ್ಲಿ, ಒಂದು ಸಣ್ಣ ಟೀಮ್ ನೋಡ್ಕೋತೀನಿ, ಹಾಗಾಗಿ ಕೆಲಸಕ್ಕೆ ತಗೊಳ್ಳೋದು ಕಳಿಸೋದು ಎರಡನ್ನೂ ಹತ್ರದಿಂದ ನೋಡಿದೀನಿ. ಇಲ್ಲೂ ಎಷ್ಟೋ ಕಾಂಟ್ರಾಕ್ಟಲ್ಲಿ ಮೂರು ತಿಂಗಳ ನೋಟಿಸ್ ಇದೆ, ಅದರಲ್ಲಿ ಎರಡೂ ಕಡೆ ಒಂದೇ ಬಿಡಿ. ವ್ಯತ್ಯಾಸ ಇರೋದು ತಕ್ಕಡಿಯಲ್ಲಿ. ಕೆಲಸಗಾರನ ನೋಟಿಸ್ ಕಂಪನಿಯ ನೋಟಿಸಿಗಿಂತ ಉದ್ದ ಇರೋ ಹಾಗಿಲ್ಲ ಅಂತ ಇಲ್ಲಿನ ಕಾನೂನೇ ಹೇಳತ್ತೆ. ಉಲ್ಟಾ ಆಗ್ಬಹುದು. ಕಂಪನಿ ಕೊಡ್ಬೇಕಾದ ನೋಟಿಸ್ ಸರ್ವಿಸ್ ಜೊತೆ ಬೆಳೀತಾ ಹೋಗತ್ತೆ, 5 ವರ್ಷಕ್ಕೆ 2 ತಿಂಗಳು, 10 ವರ್ಷಕ್ಕೆ 4, 20 ವರ್ಷ ದುಡಿದೋನಿಗೆ 7 ತಿಂಗಳು. ನಮ್ಮ ಕಡೆ ಎಷ್ಟೋ ಲೆಟರಲ್ಲಿ ಕಂಪನಿಗೆ ಒಂದು ತಿಂಗಳು, ಕೆಲಸಗಾರನಿಗೆ ಮೂರು, ದುಡ್ಡು ಕಟ್ಟಿ ಬೇಗ ಬಿಡೋ ಬೈಔಟ್ ಅಂತೂ ಮ್ಯಾನೇಜರ್ ಮೂಡ್ ನೋಡ್ಕೊಂಡು.

ಕೆಲಸದಿಂದ ತೆಗೆಯೋದು ಇಲ್ಲಿ ಎಷ್ಟು ನಾಜೂಕು ಅಂದ್ರೆ, ಇಮೇಲ್‌ನಲ್ಲಿ ಹೇಳಿದ್ರೆ ನಡೆಯಲ್ಲ, ವಾಟ್ಸಾಪ್ ಅಂತೂ ಕೇಳ್ಲೇಬೇಡಿ. ಕಾಗದ ಬೇಕು, ಪೆನ್ನಲ್ಲಿ ಮಾಡಿದ ಸಹಿ ಬೇಕು, ಅದು ಅವನ ಕೈಗೋ ಮನೆ ಪೋಸ್ಟ್ ಬಾಕ್ಸಿಗೋ ಸೇರ್ಬೇಕು. ಆರು ವರ್ಷ ಸರ್ವಿಸ್ ಆದೋನಿಗೆ ಆ ಕಾಗದ ಜೂನ್ 30ಕ್ಕೆ ಸಿಕ್ಕಿದ್ರೆ ಆಗಸ್ಟ್ ಕೊನೆವರೆಗೆ ಸಂಬಳ, ಜುಲೈ 1ಕ್ಕೆ ಸಿಕ್ಕಿದ್ರೆ ಸೆಪ್ಟೆಂಬರ್ ಕೊನೆವರೆಗೆ. ಒಂದು ದಿನ ಲೇಟಾಗಿದ್ದಕ್ಕೆ ಒಂದು ತಿಂಗಳ ಸಂಬಳ! ಅದಕ್ಕೆ ಕಂಪನಿಗಳು ಆಳು ಕಳಿಸಿ ಬಾಕ್ಸಿಗೆ ಹಾಕಿಸಿ, ಇಷ್ಟು ಗಂಟೆಗೆ ಹಾಕ್ದೆ ಅಂತ ಬರೆಸ್ಕೋತಾರೆ. ಕಂಪನಿಯಲ್ಲಿ ಕೆಲಸಗಾರರೇ ಆರಿಸಿದ ಕೌನ್ಸಿಲ್ ಇದ್ರೆ ಮೊದ್ಲು ಅವರನ್ನ ಕೇಳ್ಬೇಕು, ಕೇಳ್ದೆ ಕೊಟ್ಟ ನೋಟಿಸ್ ಬರೀ ಕಾಗದ. ಹತ್ತಕ್ಕಿಂತ ಜಾಸ್ತಿ ಜನ ಇರೋ ಕಡೆ ಆರು ತಿಂಗಳು ದಾಟಿದೋನನ್ನ ತೆಗೀಬೇಕಂದ್ರೆ ಸರಿಯಾದ ಕಾರಣ ಬೇಕು. ಕೋರ್ಟಿಗೆ ಹೋಗೋಕೆ ಅವನಿಗೆ ಮೂರೇ ವಾರ ಟೈಮು, ಹಾಗಾಗಿ ವಿಷಯ ವರ್ಷಗಟ್ಟಲೆ ನೇತಾಡಲ್ಲ.

ಕರ್ನಾಟಕದಲ್ಲಿ ಕಾನೂನು ಇಲ್ಲ ಅಂತ ಅಲ್ಲ. ಅಂಗಡಿ, ಆಫೀಸುಗಳಿಗೆ ಅನ್ವಯಿಸೋ 1961ರ ಶಾಪ್ಸ್ ಆಕ್ಟ್ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ದುಡಿದೋನನ್ನ ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ ಇಲ್ದೆ ತೆಗೆಯೋ ಹಾಗಿಲ್ಲ. ಆದ್ರೆ ಮೀಟಿಂಗ್ ರೂಮಲ್ಲಿ ನಡೆಯೋದೇ ಬೇರೆ. ‘ನೀವಾಗೇ ರಿಸೈನ್ ಮಾಡಿ, ಇಲ್ಲಾಂದ್ರೆ ಟರ್ಮಿನೇಟ್ ಅಂತ ಹಾಕ್ಬೇಕಾಗತ್ತೆ, ರಿಲೀವಿಂಗ್ ಲೆಟರ್ ಕಷ್ಟ’ ಅಂದ್ರೆ ಮುಗೀತು, ಸಂಜೆಯೊಳಗೆ ರಿಸೈನ್ ಮೇಲ್ ಹೋಗಿರತ್ತೆ, ತೆಗೆದಿದ್ದಕ್ಕೆ ಸಾಕ್ಷಿನೇ ಇರಲ್ಲ. ಜರ್ಮನಿಯಲ್ಲಿ ಆ ಆಟ ಅಷ್ಟು ಸುಲಭಕ್ಕೆ ನಡೆಯಲ್ಲ, ಯಾಕಂದ್ರೆ ಸರಿಯಾದ ಕಾರಣ ಇಲ್ದೆ ತಾನಾಗೇ ಬಿಟ್ರೆ ನಿರುದ್ಯೋಗ ಭತ್ಯೆ ಸಾಮಾನ್ಯವಾಗಿ 12 ವಾರ ಕಟ್ ಆಗತ್ತೆ, ಹಾಗಾಗಿ ಯಾರೂ ಸುಮ್ಸುಮ್ನೆ ಸಹಿ ಹಾಕಲ್ಲ.

ನಂಗೆ ತುಂಬಾ ಹಿಡಿಸಿದ್ದು ಮಾತ್ರ ಬೇರೆ. ಕೆಲಸ ಬಿಟ್ಮೇಲೂ ನಮ್ಮ ಎದುರಾಳಿ ಕಂಪನಿಗೆ ಸೇರ್ಬಾರ್ದು ಅಂತ ಇಲ್ಲಿ ಕಾಂಟ್ರಾಕ್ಟಲ್ಲಿ ಬರೆಸ್ಕೋಬಹುದು, ಜಾಸ್ತಿ ಅಂದ್ರೆ ಎರಡು ವರ್ಷ, ಆದ್ರೆ ಅಷ್ಟೂ ದಿನ ಕಡಿಮೆ ಅಂದ್ರೂ ಅವನ ಹಳೇ ಸಂಬಳದ ಅರ್ಧ ಕೊಡ್ತಾ ಇರ್ಬೇಕು. ಕೊಡೋಕೆ ರೆಡಿ ಇದ್ರೆ ಹಿಡ್ಕೊಳ್ಳಿ, ಇಲ್ವಾ ಬಿಡಿ. ತಮಾಷೆ ಏನಂದ್ರೆ ನಮ್ಮ 1872ರ ಕಾಂಟ್ರಾಕ್ಟ್ ಆಕ್ಟ್ 27ನೇ ಸೆಕ್ಷನ್ ಇದಕ್ಕಿಂತ ಕಟ್ಟುನಿಟ್ಟು, ಕೆಲಸ ಬಿಟ್ಮೇಲೆ ಇಂಥ ಷರತ್ತು ನಿಲ್ಲೋದೇ ಇಲ್ಲ ಅನ್ನತ್ತೆ. ಆದ್ರೂ ಅದನ್ನ ಲೆಟರಲ್ಲಿ ತುರುಕ್ತಾರೆ, ಓದಿದೋರು ಹೆದರ್ತಾರೆ, ಅಷ್ಟು ಸಾಕು ಅವರಿಗೆ. ಇಷ್ಟು ವರ್ಷ ಬಿಡಲ್ಲ, ಬಿಟ್ರೆ ದುಡ್ಡು ಕಟ್ತೀನಿ ಅಂತ ಬರೆದುಕೊಡೋ ಬಾಂಡ್ ಬೇರೆ ಲೆಕ್ಕ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ ಮೂರು ವರ್ಷ, 2 ಲಕ್ಷ ರೂಪಾಯಿ ಬಾಂಡನ್ನ ಸರಿ ಅಂತ ಎತ್ತಿ ಹಿಡೀತು.

ಹಾಗಂತ ಇಲ್ಲೆಲ್ಲ ಚಿನ್ನ ಅಂತಲ್ಲ. ಕೆಲಸನೇ ಮಾಡ್ದೆ ಕೂತಿರೋನನ್ನ ಎಬ್ಬಿಸೋದು ದೊಡ್ಡ ತಲೆನೋವು, ಸರ್ವಿಸಿನ ಒಂದೊಂದು ವರ್ಷಕ್ಕೂ ಅರ್ಧ ತಿಂಗಳ ಸಂಬಳ ಅಂತ ಏನೋ ಲೆಕ್ಕ ಹಾಕಿ ಕೊಟ್ಟು ಕೈ ಮುಗಿಯೋದು ಮಾಮೂಲಿ, ಪಕ್ಕದಲ್ಲಿ ಕೂತು ಅವನ ಪಾಲಿನ ಕೆಲಸಾನೂ ಮಾಡೋ ಹುಡುಗಿಗೆ ಏನೂ ಸಿಗಲ್ಲ, ಅವಳು ಸುಮ್ನೆ ಬೇರೆ ಕಡೆ ಹೋಗ್ತಾಳೆ. ತೆಗೆಯೋದು ಕಷ್ಟ ಅನ್ನೋ ಭಯಕ್ಕೆ ತಗೊಳ್ಳೋದೂ ನಿಧಾನ. ಆದ್ರೆ ಆ ಭಯದಿಂದ ಒಂದು ಲಾಭ ಇದೆ, ಮೊದಲ ಆರು ತಿಂಗಳು ಪ್ರೊಬೇಷನ್ ಅನ್ನ ಮ್ಯಾನೇಜರ್‌ಗಳು ಸೀರಿಯಸ್ಸಾಗಿ ತಗೋತಾರೆ, ಕೂತು ಮಾತಾಡ್ತಾರೆ, ಕಲಿಸ್ತಾರೆ. ನಮ್ಮಲ್ಲಿ ಪ್ರೊಬೇಷನ್ ಮುಗೀತು ಅನ್ನೋ ಆಟೋಮ್ಯಾಟಿಕ್ ಮೇಲ್ ಬಂದಾಗಲೇ ಮ್ಯಾನೇಜರ್‌ಗೂ ನೆನಪಾಗೋದು.

ಇಂಡಿಯಾದಲ್ಲಿ 2025ರ ನವೆಂಬರ್ 21ರಿಂದ ಹೊಸ ಲೇಬರ್ ಕೋಡ್‌ಗಳು, ಅಂದ್ರೆ ಕಾರ್ಮಿಕ ಕಾನೂನುಗಳು ಬಂದಿವೆಯಲ್ಲ, ಅದರ ಪ್ರಕಾರ ಕೆಲಸ ಬಿಟ್ಟೋನ ಬಾಕಿ ಸಂಬಳ ಎರಡು ವರ್ಕಿಂಗ್ ಡೇ ಒಳಗೆ ಕೊಡ್ಬೇಕು. ಮೊನ್ನೆ ಕೆಲಸ ಬಿಟ್ಟ ನಮ್ಮ ಚಿಕ್ಕಮ್ಮನ ಮಗ ಇದನ್ನ ಅವರ ಎಚ್‌ಆರ್‌ಗೆ ಬರೆದು ಕೇಳಿದ. ‘ಫುಲ್ ಅಂಡ್ ಫೈನಲ್‌ಗೆ 45 ದಿನ ಆಗತ್ತೆ, ನಮ್ಮ ಪಾಲಿಸಿ’ ಅಂತ ಉತ್ತರ ಬಂತಂತೆ. ಅವನ 90 ದಿನದಲ್ಲಿ ಮಾತ್ರ ಒಂದು ದಿನಾನೂ ಬಿಟ್ಟಿರ್ಲಿಲ್ಲ ಅವರು.