ಯಾವ ಮನೆಯ ಮಗಳು ಅಂತ ಯಾರೂ ಕೇಳದ ಜಾಗ

ಅಕ್ಕನ ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಮುಂದೆ ಎಂ.ಎಸ್ಸಿ. ಕೆಮಿಸ್ಟ್ರಿ ಅಂತ ಅವಳೇ ತೀರ್ಮಾನ ಮಾಡಿದ್ದಾಳೆ, ಅದರಲ್ಲಿ ಜಗಳ ಇಲ್ಲ. ಜಗಳ ಇರುವುದು ಎಲ್ಲಿ ಓದುವುದು ಅನ್ನುವುದರಲ್ಲಿ. ಅವಳಿಗೆ ಮಾನಸಗಂಗೋತ್ರಿ, ಅಂದರೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸೇ ಬೇಕು. ಭಾವನಿಗೆ ಬೆಂಗಳೂರಿನ ಪ್ರೈವೇಟ್ ಕಾಲೇಜು, ಅಲ್ಲಿ ಮಕ್ಕಳ ಮೇಲೆ ಒಂದು ಕಣ್ಣು ಇರುತ್ತದಂತೆ. ಅಕ್ಕನಿಗೆ ಮಾತ್ರ ಮಗಳು ಸಂಜೆ ಮನೆಗೆ ಬಂದರೆ ಸಾಕು, ಇಲ್ಲೇ ಕೊಡಗಿನ ಕುಶಾಲನಗರದ ಕಡೆ ಯಾವ ಕೋರ್ಸ್ ಇದೆಯೋ ಅದನ್ನೇ ಓದಲಿ, ಕೆಮಿಸ್ಟ್ರಿ ಇಲ್ಲದಿದ್ದರೆ ಇನ್ನೊಂದು!

ಮೊನ್ನೆ ಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ. ಎಲ್ಲರೂ ಒಲೆ ಮುಂದೆ ಕೂತಿದ್ದಾಗ ಈ ಮಾತು ಮತ್ತೆ ಎದ್ದಿತು. "ನೀನೂ ದೊಡ್ಡ ಯೂನಿವರ್ಸಿಟಿಯಲ್ಲೇ ಓದಿದ್ದಲ್ವಾ ಚಿಕ್ಕಮ್ಮ, ನೀನೇ ಹೇಳು" ಅಂದಳು. ಅಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಂ.ಎ. ಸಮಾಜಶಾಸ್ತ್ರ, ಇಪ್ಪತ್ತು ವರ್ಷದ ಹಿಂದೆ, ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಯಾವುದು ಅಂತ ಹೇಳುವುದಿಲ್ಲ, ಯಾಕೆಂದರೆ ಈಗ ಬೈಯುವುದಿದೆ.

ನಮ್ಮ ಕೊಡವರಲ್ಲಿ ಹೆಸರಿನ ಮೊದಲು ಮನೆಪೆದ, ಅಂದರೆ ಮನೆತನದ ಹೆಸರು, ಬರುತ್ತದೆ. ಅಲ್ಲಿನ ಪರೀಕ್ಷಾ ವಿಭಾಗದವರಿಗೆ ಅದು ಗೊತ್ತಿರಲಿಲ್ಲ. ಮನೆಪೆದವನ್ನೇ ನನ್ನ ಹೆಸರು ಮಾಡಿ, ನನ್ನ ಹೆಸರನ್ನು ಅಪ್ಪನ ಹೆಸರಿನ ಜಾಗಕ್ಕೆ ಹಾಕಿ, ಅಪ್ಪನನ್ನು ಪೂರ್ತಿ ಬಿಟ್ಟು ಮಾರ್ಕ್ಸ್ ಕಾರ್ಡ್ ಪ್ರಿಂಟ್ ಮಾಡಿದರು. ತಿದ್ದಿಸಲು ಅಫಿಡವಿಟ್ ಬೇಕು ಅಂದರು. ತಂದುಕೊಟ್ಟೆ. ಚಲನ್ ಕಟ್ಟಿ ಅಂದರು. ಕಟ್ಟಿದೆ. ಆಮೇಲೆ ಸಾಹೇಬರು ರಜೆ. ಒಂದೊಂದು ಸಲವೂ ಬೆಳಿಗ್ಗೆ ಐದೂವರೆಯ ಬಸ್ಸು ಹಿಡಿದು ಹೋಗಿ, ಕಿಟಕಿ ಮುಂದೆ ನಿಂತು, "ಮುಂದಿನ ವಾರ ಬನ್ನಿ" ಅನ್ನಿಸಿಕೊಂಡು ರಾತ್ರಿ ಮನೆ ಸೇರುವುದು. ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ಕೆಲಸದ ಅರ್ಜಿಯ ಕೊನೇ ದಿನ ಮುಗಿದಿತ್ತು. ಅಪ್ಪ ಮಾತ್ರ ನಗುತ್ತಿದ್ದರು, "ನಿನಗೆ ಅಪ್ಪ ಇಲ್ಲ ಅಂತ ಸರ್ಕಾರವೇ ಬರೆದು ಕೊಟ್ಟಿದೆ, ಇನ್ನು ಫೀಸು ಯಾರು ಕಟ್ಟಬೇಕು?" ಅಂತ.

ಮಳೆಯದ್ದು ಇನ್ನೊಂದು. ಜುಲೈನಲ್ಲಿ ನಮ್ಮ ಡಿ.ಸಿ. ಶಾಲೆ ಕಾಲೇಜಿಗೆ ರಜೆ ಕೊಡುತ್ತಾರೆ. ಘಟ್ಟದಾಚೆಗೆ ಅದು ಯಾವ ಲೆಕ್ಕ? ಮರ ಬಿದ್ದು ರಸ್ತೆ ಬಂದ್ ಆಗಿದ್ದರೂ ಅಲ್ಲಿ ಅವತ್ತೇ ಇಂಟರ್ನಲ್ಸ್. ಈಗ ಅರ್ಜಿಯಿಂದ ಹಾಲ್ ಟಿಕೆಟ್‌ವರೆಗೆ ಎಲ್ಲ ಆನ್‌ಲೈನ್. ಟವರೇ ಸತ್ತು ಬಿದ್ದಿರುವಾಗ ಕೊನೇ ದಿನಾಂಕ ಅಂದರೆ ಏನರ್ಥ ಅಂತ ಆಫೀಸಿನಲ್ಲಿ ಕೂತವರಿಗೆ ಅರ್ಥ ಮಾಡಿಸುವುದು ಕಷ್ಟ.

ಪಾಠದ ವಿಷಯಕ್ಕೆ ಬಂದರೆ, ದೊಡ್ಡ ಹೆಸರು ನೋಡಿ ಸುಮ್ನೆ ಹೋಗಬೇಡಿ. ನಮ್ಮ ರಾಜ್ಯದ ಎಷ್ಟೋ ಸರ್ಕಾರಿ ವಿ.ವಿ.ಗಳಲ್ಲಿ ನಿವೃತ್ತರಾದವರ ಜಾಗ ತುಂಬಿಲ್ಲ, ಅತಿಥಿ ಉಪನ್ಯಾಸಕರೇ ವಿಭಾಗ ಎಳೆಯುತ್ತಿದ್ದಾರೆ. ಅವರು ಕೆಟ್ಟದಾಗಿ ಪಾಠ ಮಾಡುತ್ತಾರೆ ಅಂತಲ್ಲ, ನನಗೆ ಅತಿ ಚೆನ್ನಾಗಿ ಕಲಿಸಿದವರು ಅತಿಥಿ ಉಪನ್ಯಾಸಕರೇ. ಆದರೆ ಅವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಸೇರುವ ಮುಂಚೆ ಒಂದು ಸಲ ವಿಭಾಗಕ್ಕೇ ಹೋಗಿ ಕಾಯಂ ಮೇಷ್ಟ್ರು ಎಷ್ಟು ಜನ ಅಂತ ಕೇಳಿ, ಲ್ಯಾಬಿನ ಬಾಗಿಲು ತೆಗೆದಿದೆಯಾ ನೋಡಿ. ನಿಮಗೆ ಕೊಡುವುದು ಮೆರಿಟ್ ಸೀಟಾ ಪೇಮೆಂಟ್ ಸೀಟಾ ಅದನ್ನೂ ಕೇಳಿ, ಸರ್ಕಾರಿ ಅಂದ ಮಾತ್ರಕ್ಕೆ ಎಲ್ಲ ಸೀಟೂ ಅಗ್ಗ ಅಲ್ಲ.

ಇಷ್ಟೆಲ್ಲ ಬೈದ ಮೇಲೂ ಅವಳು ಮೈಸೂರಿಗೇ ಹೋಗಲಿ ಅನ್ನುವವಳು ನಾನು.

ನಮ್ಮೂರಿನಲ್ಲಿ ಯಾರಾದರೂ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ ಏನು? ಯಾವ ಒಕ್ಕ (ಮನೆತನ), ಯಾವ ಮನೆಯವಳು, ತಾಯಿ ಕಡೆ ಯಾರು. ಮೂರು ಪ್ರಶ್ನೆಗೆ ನನ್ನ ಇಡೀ ಜಾತಕ ಬಿಚ್ಚಿಕೊಳ್ಳುತ್ತದೆ. ಡಿಗ್ರಿಯಲ್ಲಿ ನಮ್ಮ ಪ್ರಿನ್ಸಿಪಾಲರಿಗೆ ಅಪ್ಪ ಗೊತ್ತು, ಲೈಬ್ರರಿಯವರು ಚಿಕ್ಕಪ್ಪನ ಕ್ಲಾಸ್‌ಮೇಟ್, ಬೇಕರಿಯಲ್ಲಿ ಯಾರ ಜೊತೆ ಪಫ್ಸ್ ತಿಂದೆ ಅನ್ನುವುದು ನನಗಿಂತ ಮೊದಲು ಮನೆ ಸೇರುತ್ತಿತ್ತು. ಅದು ಹಿತವೂ ಹೌದು. ಜ್ವರ ಬಂದರೆ ಹತ್ತು ಜನ ಓಡಿ ಬರುತ್ತಾರೆ. ಆದರೆ ಇಪ್ಪತ್ತೊಂದು ವರ್ಷ ಅದೇ ಒಲೆಯ ಬಿಸಿಯಲ್ಲಿ ಕೂತರೆ ಹೊರಗೆ ಚಳಿ ಎಷ್ಟಿದೆ ಅಂತಲೇ ಗೊತ್ತಾಗುವುದಿಲ್ಲ.

ವಿ.ವಿ.ಯಲ್ಲಿ ನನ್ನ ಮನೆಪೆದ ಕೇಳಿ ಯಾರ ಕಿವಿಯೂ ನೆಟ್ಟಗಾಗಲಿಲ್ಲ. ಮೊದಲ ತಿಂಗಳು ಅಳು ಬಂತು, ಸುಳ್ಳು ಹೇಳುವುದಿಲ್ಲ. ಕ್ಲಾಸಿಗೆ ಹೋದರೂ ಹೋಗದಿದ್ದರೂ ಕೇಳುವವರಿಲ್ಲ. ಹಾಸ್ಟೆಲ್ ಸಾರಿನಲ್ಲಿ ಬೇಳೆ ಹುಡುಕಬೇಕು. ರೂಮಿನಲ್ಲಿ ನಾಲ್ಕು ಮಂಚ, ನಾಲ್ಕು ಥರದ ಕನ್ನಡ. ಒಬ್ಬಳು ಬೀದರಿನವಳು, ಒಬ್ಬಳು ಹೊನ್ನಾವರದವಳು, ಒಬ್ಬಳು ಕೊಳ್ಳೇಗಾಲದವಳು.

ಕೊಳ್ಳೇಗಾಲದವಳ ಅಮ್ಮ ಕೂಲಿ ಮಾಡುವವರು. ಅವರ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲನೆಯವಳು ಇವಳೇ. ಮೀಸಲಾತಿ ಸೀಟು, ಸ್ಕಾಲರ್‌ಶಿಪ್, ಕ್ಲಾಸಿನಲ್ಲಿ ನನಗಿಂತ ಚುರುಕು. ಒಂದು ಸಲ ಊರಿನಿಂದ ಕಾಫಿಪುಡಿ ತಂದಿದ್ದೆ. ನಮ್ಮ ತೋಟ, ತೋಟದ ಕೆಲಸದವರಿರುವ ಲೈನ್‌ಮನೆ, ಕೊಯ್ಲು ಅಂತೆಲ್ಲ ಜಂಬದಿಂದ ಹೇಳುತ್ತಿದ್ದಾಗ ಅವಳು ಸಹಜವಾಗಿ ಕೇಳಿದಳು, "ನಿಮ್ಮ ಲೈನ್‌ಮನೆ ಮಕ್ಕಳು ಎಲ್ಲಿ ಓದ್ತಾರೆ?" ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಿಂದ ಇನ್ನೂರು ಗಜ ದೂರದ ಲೈನ್‌ಮನೆ ಅದು. ಆ ಮಕ್ಕಳ ಹೆಸರು ಕೂಡ ಸರಿಯಾಗಿ ಗೊತ್ತಿರಲಿಲ್ಲ. ಅವಳು ಚುಚ್ಚಲು ಕೇಳಿದ್ದಲ್ಲ, ಅದಕ್ಕೇ ಜಾಸ್ತಿ ಚುಚ್ಚಿತು. ರಜೆಗೆ ಬಂದಾಗ ಹೋಗಿ ಕೇಳಿದೆ, ಐದು ಮಕ್ಕಳಲ್ಲಿ ಇಬ್ಬರು ಶಾಲೆ ಬಿಟ್ಟಿದ್ದರು. ನಮ್ಮಂಥವರೇ ತುಂಬಿರುವ ದುಬಾರಿ ಕಾಲೇಜಿಗೆ ಹೋಗಿದ್ದರೆ ಆ ಪ್ರಶ್ನೆಯನ್ನು ನನಗೆ ಯಾರು ಕೇಳುತ್ತಿದ್ದರು?

ಅದೇ ವರ್ಷ ಲೈಬ್ರರಿಯ ಮೂಲೆಯ ಕಪಾಟಿನಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಬರೆದ ಪುಸ್ತಕ ಸಿಕ್ಕಿತು, 1952ರದ್ದು. ನಾವು ದಿನಾ ನೋಡುವ ಒಕ್ಕ, ಮನೆತನದ ಮೂಲಮನೆಯಾದ ಐನ್‌ಮನೆ, ಸುಗ್ಗಿ ಹಬ್ಬ ಪುತ್ತರಿ ಎಲ್ಲ ಅದರಲ್ಲಿದೆ. ಸಮಾಜಶಾಸ್ತ್ರ ಓದುವವರೆಲ್ಲ ಬಾಯಿಪಾಠ ಮಾಡುವ ಸಂಸ್ಕೃತೀಕರಣ (ಕೆಳಜಾತಿಯವರು ಮೇಲ್ಜಾತಿಯವರ ಆಚಾರ ಹಿಡಿದು ಮೇಲೇರಲು ನೋಡುವುದು) ಅನ್ನುವ ಮಾತಿನ ಬೇರು ಇರುವುದು ನಮ್ಮ ಊರುಗಳ ಮೇಲಿನ ಆ ಅಧ್ಯಯನದಲ್ಲೇ ಅಂತ ನನಗೆ ಗೊತ್ತಾಗಿದ್ದು ಊರು ಬಿಟ್ಟ ಮೇಲೆ. ಎಲ್ಲ ಒಪ್ಪಿಗೆ ಆಗಲಿಲ್ಲ, ಅದು ಬೇರೆ ಮಾತು. ಆದರೆ ಹಾಗೆ ಸುಮ್ನೆ ಕಪಾಟಿನ ಮಧ್ಯೆ ಓಡಾಡುವಾಗ ಸಿಗುವ ಪುಸ್ತಕಕ್ಕೆ ದೊಡ್ಡ, ಹಳೆಯ ಲೈಬ್ರರಿಯೇ ಬೇಕು.

ಫೀಸಿನ ಮಾತು ಹೆಚ್ಚು ಬೇಡ. ನನ್ನ ಎರಡು ವರ್ಷದ ಫೀಸಿಗೆ ಅಪ್ಪ ಮಾರಿದ್ದು ಕೆಲವೇ ಚೀಲ ಚೆರಿ ಕಾಫಿ. ಭಾವ ಹೇಳುವ ಪ್ರೈವೇಟ್ ಕಾಲೇಜಿಗೆ ಒಂದು ವರ್ಷದ ಕೊಯ್ಲೇ ಹೋಗಬಹುದು. ಈಚೆಗೆ ಕಾಫಿಗೆ ರೇಟು ಸಿಕ್ಕಿದೆ, ಅದಕ್ಕೇ ಅವರಿಗೆ ಬೆಂಗಳೂರು ಕಾಣಿಸುತ್ತಿದೆ. ಮಕ್ಕಳು ಕ್ಲಾಸಿಗೆ ಬಂದಿಲ್ಲ ಅಂತ ಮನೆಗೆ ಮೆಸೇಜ್ ಬರುತ್ತದಂತೆ. ಇಪ್ಪತ್ತೊಂದು ವರ್ಷದವಳಿಗೆ!

ಅಕ್ಕನ ಮಾತನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1980ರಲ್ಲಿ ಮಂಗಳೂರು ವಿ.ವಿ. ಶುರುವಾಗುವ ತನಕ ನಮ್ಮ ಕಾಲೇಜುಗಳು ಮೈಸೂರು ವಿ.ವಿ.ಗೆ ಸೇರಿದ್ದವು, ಆಮೇಲೆ ಒಂದು ಸಹಿಗೂ ಸಂಪಾಜೆ ಘಾಟಿ ಇಳಿದು ಕೊಣಾಜೆಯ ಅದರ ಕ್ಯಾಂಪಸ್ಸಿಗೆ ಹೋಗಬೇಕಾಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಬಂದ್ ಆಯಿತಲ್ಲ. 2023ರಲ್ಲಿ ಕುಶಾಲನಗರದ ಹತ್ತಿರದ ಚಿಕ್ಕ ಅಳುವಾರದಲ್ಲಿ ನಮ್ಮದೇ ಕೊಡಗು ವಿ.ವಿ. ಶುರುವಾಯಿತು. ಎರಡು ವರ್ಷ ತುಂಬುವುದರೊಳಗೆ ಹೊಸ ವಿ.ವಿ.ಗಳಿಗೆ ದುಡ್ಡಿಲ್ಲ, ಮುಚ್ಚಿ ಹಳೆಯದಕ್ಕೆ ಸೇರಿಸೋಣ ಅನ್ನುವ ಮಾತು ಬಂತು. ನನಗೆ ಅದು ಸರಿ ಕಾಣುವುದಿಲ್ಲ. ಮೈಸೂರಿಗೆ ಕಳಿಸುವ ಮನೆಯ ಮಗಳು ಹೇಗೂ ಹೋಗುತ್ತಾಳೆ. ಸಂಜೆ ಹೊತ್ತಿಗೆ ಮನೆಗೆ ಬಂದರೆ ಮಾತ್ರ ಓದು, ಇಲ್ಲದಿದ್ದರೆ ಮದುವೆ ಅನ್ನುವ ಮನೆಗಳು ನಾನು ಪಾಠ ಮಾಡುವ ಪಿಯು ಕ್ಲಾಸಿನ ಮಕ್ಕಳಲ್ಲೇ ಎಷ್ಟೋ ಇವೆ. ಬಸ್ಸು ಫ್ರೀ ಆದ ಮೇಲೆ ಅಂಥ ಒಂದಿಬ್ಬರು ಹುಡುಗಿಯರು ಎಂ.ಎ.ಗೆ ಸೇರಿದ್ದನ್ನು ನಾನೇ ನೋಡಿದ್ದೇನೆ. ಅವರಿಗೆ ಹತ್ತಿರದ್ದೇ ದೊಡ್ಡದು.

ಆದರೆ ನಮ್ಮ ಹುಡುಗಿಗೆ ಅಂಥ ಅಡ್ಡಿ ಇಲ್ಲ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರು, ಭಾನುವಾರಕ್ಕೆ ಬಂದು ಪಂದಿಕರಿ ತಿಂದು ಹೋಗಬಹುದು. ಅಷ್ಟು ಹೇಳಿದ ಮೇಲೆ ಅಕ್ಕ ಸ್ವಲ್ಪ ಮೆತ್ತಗಾದಳು. ಭಾವ ಇನ್ನೂ ಇಲ್ಲ. ಮುಂದಿನ ವಾರ ಮೂವರನ್ನೂ ಕರೆದುಕೊಂಡು ಗಂಗೋತ್ರಿಗೆ ಹೋಗುತ್ತಿದ್ದೇನೆ, ವಿಭಾಗ ನೋಡಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹೊಡೆಸಿ ಬರುತ್ತೇನೆ. ಫಾರಂ ತುಂಬುವಾಗ ಮನೆಪೆದ ಯಾವ ಕಾಲಂನಲ್ಲಿ ಬರೆಯಬೇಕು ಅಂತ ಈಗಲೇ ಅವಳಿಗೆ ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ. ಅಲ್ಲಿನ ಲೇಡೀಸ್ ಹಾಸ್ಟೆಲ್‌ನಲ್ಲಿ ನಿಮ್ಮ ಮಕ್ಕಳು ಯಾರಾದರೂ ಇದ್ದರೆ ಈಗ ಊಟ ಹೇಗಿದೆ, ಬಿಸಿನೀರು ಬರುತ್ತದಾ ಸ್ವಲ್ಪ ತಿಳಿಸಿ. ಭಾವ ಕೇಳುವುದು ಅದನ್ನೇ.