ಆಯಿಯ ಮಾರಿ ಮ್ಯಾಲ ಸೂಜಿ

ಕೌದಿಯ ಮೇಲೆ ಯಾರು ಕಾಲಿಟ್ಟರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದರೊಳಗೆ ತೀರಿಹೋದ ಆಯಿಯ ಇಳಕಲ್ ಸೀರೆ ಇರುತ್ತದೆ, ಅಜ್ಜನ ಧೋತರ ಇರುತ್ತದೆ, ಚಿಗವ್ವನ ಮದುವೆಯ ಕುಬಸದಿಂದ ಉಳಿದ ಗುಳೇದಗುಡ್ಡದ ಖಣದ ಚೂರು ಇರುತ್ತದೆ. ಅದನ್ನೇ ಹಾಸಿ, ಹೊದ್ದು, ಸೆಕೆಯಾದಾಗ ಕಾಲಲ್ಲಿ ಒದ್ದು ಮೂಲೆಗೆ ತಳ್ಳಿ ಬೆಳೆದವರು ನಾವು. ಆದರೆ ಅದೇ ಆಯಿಯ ಫೋಟೊವನ್ನು ಬಟ್ಟೆಯ ಮೇಲೆ ಮೂಡಿಸಿ ಕೌದಿಗೆ ಸೇರಿಸುತ್ತೇನೆ ಅನ್ನಿ, ಮನೆಯಲ್ಲಿ ಪಂಚಾಯ್ತಿ ಶುರುವಾಗುತ್ತದೆ.

ಮೊದಲ ತುಂಡು ಒಣಗಿದಾಗ ಅವ್ವ ಕನ್ನಡಕ ಏರಿಸಿ ನೋಡಿ, "ಛಲೋ ಬಂದೈತಿ" ಅಂದಳು. ನಾನು ದಾರ ಪೋಣಿಸಿದ್ದೇ ತಡ, "ಏ, ಏನ್ ಮಾಡಾಕತ್ತಿ? ನಮ್ಮವ್ವನ ಮಾರಿ ಮ್ಯಾಲ ಸೂಜಿ ಆಡಸ್ತೀಯೇನ?" ಎಂದು ಕೈ ಹಿಡಿದುಕೊಂಡಳು.

ಅವ್ವನ ಆಕ್ಷೇಪಣೆಯಲ್ಲಿ ಅರ್ಥವಿತ್ತು. ಕೌದಿಯ ಹೊಲಿಗೆ ಯಾರನ್ನೂ ಬಿಡುವುದಿಲ್ಲ. ಒಳಗೆ ಹತ್ತಿ ತುಂಬದೆ ಹಳೆಯ ಸೀರೆಗಳನ್ನೇ ಪದರ ಪದರವಾಗಿ ಹಾಸಿ, ಬೆರಳಗಲಕ್ಕೊಂದು ಸಾಲಿನಂತೆ ಈ ತುದಿಯಿಂದ ಆ ತುದಿಗೆ ಹೊಲಿದುಕೊಂಡು ಹೋಗಬೇಕು. ಫೋಟೊ ನಡುವೆ ಬಂದರೆ ಒಂದು ಸಾಲು ಹಣೆಯ ಮೇಲೆ, ಒಂದು ಸಾಲು ನೆಟ್ಟಗೆ ಕಣ್ಣಿನ ಮೇಲೆ. ಇದನ್ನು ಕಲೆಯಾಗಿ ಮಾಡುವ ವಿದೇಶದ ಹೆಂಗಸರು ಹೊಲಿಗೆ ಮಷಿನ್ನಿನಲ್ಲಿ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲು ಇಳಿಸಿ, ಬಟ್ಟೆಯನ್ನು ಕೈಯಲ್ಲೇ ಅತ್ತಿತ್ತ ಆಡಿಸುತ್ತ ಕೆನ್ನೆಯ ಗೆರೆ, ಕೂದಲಿನ ಗೆರೆ ಹಿಡಿದು ಹೊಲಿಯುತ್ತಾರೆ. ಮುಖವನ್ನು ಹೊಲಿಯದೆ ಹಾಗೇ ಬಿಟ್ಟರೆ ಸುತ್ತಲಿನ ಹೊಲಿಗೆ ಜಗ್ಗಿ ನಡುವಿನ ಬಟ್ಟೆ ಉಬ್ಬುತ್ತದೆ. ಆಯಿ ಹಲ್ಲುನೋವು ಬಂದು ಕೆನ್ನೆ ಊದಿಸಿಕೊಂಡವಳಂತೆ ಕಾಣುತ್ತಾಳೆ.

ಚಿತ್ರ ಮೂಡಿಸುವ ಬಗೆಯನ್ನೂ ಹೇಳಬೇಕು, ನನಗಂತೂ ಹೊಲಿಗೆಗಿಂತ ಅದರದೇ ಹುಚ್ಚು. ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ, ಸಯನೋಟೈಪ್ ಎನ್ನುವ ಈ ವಿದ್ಯೆಯನ್ನು ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ವಿಜ್ಞಾನಿ ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬಾಕೆ ಕಡಲಪಾಚಿಗಳನ್ನು ಇದೇ ನೀಲಿಯಲ್ಲಿ ಮೂಡಿಸಲು ಶುರುಮಾಡಿದಳು. ಆಮೇಲೆ ಕಟ್ಟಡದ ನಕ್ಷೆಗಳಿಗೂ ಇದೇ ಬಂತು, ಬ್ಲೂಪ್ರಿಂಟ್ ಎಂದು ಹೆಸರಾಯಿತು. ಬಟ್ಟೆಗೆ ಬಂದದ್ದೂ ಇತ್ತೀಚೆಗೇನಲ್ಲ. ಅಮೆರಿಕದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೇ ಮನೆಮಂದಿಯ ನೀಲಿ ಫೋಟೊಗಳನ್ನು ಬಟ್ಟೆಯ ಮೇಲೆ ಮೂಡಿಸಿ ದಿಂಬು, ಅವರ ಕೌದಿಯಾದ ಕ್ವಿಲ್ಟು ಹೊಲಿಯುತ್ತಿದ್ದರು.

ಬೇಕಾದದ್ದು ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಉಪ್ಪು ಮತ್ತು ನೀರು. ಎರಡನೆಯದರ ಹೆಸರಿನಲ್ಲಿ ಸಯನೈಡ್ ಕೇಳಿ ಮನೆಯವರು ಹೌಹಾರುತ್ತಾರೆ. ಅಷ್ಟು ಹೆದರಬೇಕಿಲ್ಲ, ಆದರೆ ಆಮ್ಲ ತಾಗಿಸಬಾರದು, ಕಾಯಿಸಬಾರದು, ಅಡುಗೆಮನೆಯ ಪಾತ್ರೆ ಮುಟ್ಟಿಸಬಾರದು. ಕತ್ತಲ ಕೋಣೆಯಲ್ಲಿ ಈ ದ್ರಾವಣವನ್ನು ಬಟ್ಟೆಗೆ ಬಳಿದು ಒಣಗಿಸಿದರೆ ಅದು ಹಸಿರು ಬೆರೆತ ಹಳದಿಗೆ ತಿರುಗುತ್ತದೆ. ಅದರ ಮೇಲೆ ಪಾರದರ್ಶಕ ಹಾಳೆಯಲ್ಲಿ ತೆಗೆಸಿದ ನೆಗೆಟಿವ್, ಅದರ ಮೇಲೊಂದು ಗಾಜು, ಆಮೇಲೆ ಬಿಸಿಲು. ಏಪ್ರಿಲ್ ತಿಂಗಳಾದರೆ ಮಾಳಿಗೆಯಲ್ಲಿ ಸಂಡಿಗೆ ಹಪ್ಪಳದ ಪಕ್ಕದಲ್ಲಿ ಜಾಗ ಕೇಳಿಕೊಂಡು ಇಟ್ಟರೆ ಹತ್ತು ಹದಿನೈದು ನಿಮಿಷ ಸಾಕು. ಬಟ್ಟೆ ಬೂದಿ ಬಣ್ಣಕ್ಕೆ ಬಂದಾಗ ಎತ್ತಿ ತಣ್ಣೀರಿಗೆ ಹಾಕಬೇಕು. ಹಳದಿ ಕರಗಿ ಹೋಗುತ್ತಿದ್ದಂತೆ ನೀಲಿ ಮೇಲೆದ್ದು ಬರುತ್ತದೆ: ಮೊದಲು ಸೀರೆಯ ದಡಿ, ಆಮೇಲೆ ಬೈತಲೆಯ ಎರಡೂ ಕಡೆಯ ಕೂದಲು, ಕೊನೆಗೆ ಕಣ್ಣು. ಬಕೆಟ್ಟಿನ ನೀರೊಳಗಿಂದ ಆಯಿ ನೋಡುತ್ತಾಳೆ, ಅದೂ ಸಾಕ್ಷಾತ್ ಕೃಷ್ಣನ ಬಣ್ಣದಲ್ಲಿ. ನೀಲಿ ಬೇಡ ಎನ್ನುವವರಿಗೆ ಚಹಾ ಇದೆ. ಹಾಲು ಸಕ್ಕರೆ ಇಲ್ಲದ ಕಡು ಡಿಕಾಕ್ಷನ್ನಿನಲ್ಲಿ ನೆನೆಸಿಟ್ಟರೆ ಅದರ ಒಗರು ಕಬ್ಬಿಣದ ಜೊತೆ ಸೇರಿ ನೀಲಿ ಕಪ್ಪುಗಂದಿಗೆ ತಿರುಗುತ್ತದೆ. ಬಟ್ಟೆಯ ಬಿಳಿಯೂ ಮಾಸಲಾಗುವುದರಿಂದ ಹಳೆಯ ಫೋಟೊದ ಗತ್ತೂ ಪುಕ್ಕಟೆ ಸಿಗುತ್ತದೆ.

ಈ ರಸಾಯನ ಚೆನ್ನಾಗಿ ಹಿಡಿಯುವುದು ಹತ್ತಿ, ರೇಷ್ಮೆ, ಲಿನನ್‌ನಂಥ ಸಹಜ ನಾರಿನ ಬಟ್ಟೆಗೆ. ಹೊಸ ಕಾಟನ್ನಿಗೆ ಗಂಜಿ ಇರುತ್ತದೆ, ಕುದಿಸಿ ತೆಗೆಯಬೇಕು. ವರ್ಷಗಟ್ಟಲೆ ಒಗೆಸಿಕೊಂಡು ಮೆತ್ತಗಾದ ಧೋತರ ಎಲ್ಲಕ್ಕಿಂತ ಉತ್ತಮ. ಹಾಗಾಗಿ ಆಯಿಯ ಚಿತ್ರ ಚೆನ್ನಾಗಿ ಮೂಡಿದ್ದು ಅಜ್ಜನ ಧೋತರದ ಮೇಲೆ. ಒಟ್ಟಿಗೆ ಇದ್ದಷ್ಟು ದಿನ ಒಬ್ಬರಿಗೊಬ್ಬರು ಇಷ್ಟು ಸಲೀಸಾಗಿ ಹೊಂದಿಕೊಂಡವರಲ್ಲ. ಪಾಲಿಯೆಸ್ಟರ್ ಸೀರೆಯ ಮೇಲೆ ಮಾತ್ರ ಏನೂ ನಿಲ್ಲುವುದಿಲ್ಲ, ನೀರಿಗೆ ಹಾಕಿದರೆ ಬಣ್ಣವೆಲ್ಲ ಬಕೆಟ್ಟಿಗೆ. ಟ್ರಂಕಿನಲ್ಲಿ ಹರಿಯದೆ, ಮಾಸದೆ, ಇಲಿಗೂ ಬೇಡವಾಗಿ ಉಳಿದಿರುವುದು ಅವೇ.

ಬೇರೆ ದಾರಿಗಳೂ ಇವೆ. ಲೇಸರ್ ಪ್ರಿಂಟನ್ನು ಅಂಟಿನಿಂದ ಬಟ್ಟೆಗೆ ಅಂಟಿಸಿ, ಒಣಗಿದ ಮೇಲೆ ಕಾಗದವನ್ನು ಒದ್ದೆ ಮಾಡಿ ಉಜ್ಜಿ ತೆಗೆದರೆ ಚಿತ್ರ ಬಟ್ಟೆಯಲ್ಲೇ ನಿಲ್ಲುತ್ತದೆ. ಇದರಲ್ಲಿ ಎಡ ಬಲ ಅದಲುಬದಲು, ಮೊದಲೇ ತಿರುಗಿಸಿ ಪ್ರಿಂಟ್ ತೆಗೆಯಬೇಕು. ಅಂಗಡಿ ಬೋರ್ಡು ಉಲ್ಟಾ ಆದರೆ ಗಂಡಸರಿಗೆ ಗೊತ್ತಾಗುತ್ತದೆ. ಸೆರಗು ಎಡ ಭುಜದಿಂದ ಬಲ ಭುಜಕ್ಕೆ ದಾಟಿದ್ದು ಹೆಂಗಸರಿಗೆ ದೂರದಿಂದಲೇ ಗೊತ್ತಾಗುತ್ತದೆ. ಇನ್ನು ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿಟ್ಟರೆ ಕೆಂಗಂದು ಕಲೆ ಬೀಳುತ್ತದೆ, ಮೊದಲೇ ಅಳಲೆಕಾಯಿ ನೀರು ಕುಡಿಸಿದ್ದರೆ ಕಪ್ಪು. ಚೆಂದ ಹೌದು, ಆದರೆ ಕಬ್ಬಿಣ ನಿಧಾನಕ್ಕೆ ಬಟ್ಟೆಯನ್ನು ತಿನ್ನುತ್ತದೆ. ಹಳೆಯ ಕಲಂಕಾರಿಗಳಲ್ಲಿ ಕಪ್ಪು ಗೆರೆ ಇದ್ದಲ್ಲೇ ಮೊದಲು ಹರಿಯುವುದು ಇದರಿಂದಲೇ. ಮನೆಯವರ ಚಿತ್ರದ ಸುತ್ತ ನಾನು ತುಕ್ಕು ಬಳಸುವುದಿಲ್ಲ.

ಕಾಲು ತಾಗುವ ಚಿಂತೆ ನಮಗಷ್ಟೇ ಎಂದುಕೊಳ್ಳಬೇಡಿ. ಏಡ್ಸ್‌ನಿಂದ ಸತ್ತವರ ನೆನಪಿಗೆಂದು ಅಮೆರಿಕದಲ್ಲಿ ಹೊಲಿದ ದೊಡ್ಡ ಕ್ವಿಲ್ಟನ್ನು 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಲ್ಲಿ ಹಾಸಿದರು. ಒಬ್ಬೊಬ್ಬರ ಹೆಸರಿಗೆ ಮೂರಡಿ ಅಗಲ, ಆರಡಿ ಉದ್ದದ ತುಂಡು. ಅಂಥ 1,920 ತುಂಡುಗಳು. ಕೆಲವದರಲ್ಲಿ ಫೋಟೊ, ಕೆಲವದರಲ್ಲಿ ಅವರು ಹಾಕುತ್ತಿದ್ದ ಅಂಗಿಯೇ. ನೆಲದ ಮೇಲೆ ಹಾಸಿದ್ದರೂ ಯಾರೂ ತುಳಿಯದ ಹಾಗೆ ನಡುನಡುವೆ ದಾರಿ ಬಿಟ್ಟಿದ್ದರು.

ಗೋಡೆಗೆ ತೂಗುಹಾಕಿದರೆ ಕಾಲಿನ ತಂಟೆಯೇ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ಆರ್ಟ್ ಕ್ವಿಲ್ಟ್ ಅಂದರೆ ಬಹುಪಾಲು ಗೋಡೆಯದೇ. ನನಗೆ ಅದು ಒಪ್ಪಿಗೆಯಿಲ್ಲ. ಗೋಡೆಗೆ ಹೋದ ಫೋಟೊಗೆ ನಮ್ಮಲ್ಲಿ ಒಂದು ಮಾಲೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಹೊದೆಯಲು ಬಾರದ್ದನ್ನು ಕೌದಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿಗಳು, ಅಂದರೆ ಅವರ ಕೌದಿಗಳು, ಇವತ್ತು ದೇಶವಿದೇಶದ ಗ್ಯಾಲರಿಗಳ ಗೋಡೆ ಹತ್ತಿವೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವ ಹೊಲಿಗೆ ಅವರದು. ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ಫುಲಾ ಇಡುತ್ತಾರೆ. ಫುಲಾ ಇಲ್ಲದ ಕವಂದಿ ಬತ್ತಲೆ ಎನ್ನುವುದು ಅವರ ಮಾತು. ಅದೇ ಕವಂದಿಯನ್ನು ಅವರ ಮನೆಗಳಲ್ಲಿ ಮಕ್ಕಳು ಹೊದ್ದು ಮಲಗುತ್ತವೆ.

ಕಡೆಗೆ ಮುಖವನ್ನೇ ಬಿಟ್ಟೆ. ಸ್ಟುಡಿಯೊದಲ್ಲಿ ತೆಗೆಸಿದ ಫೋಟೊದಲ್ಲಿ ಅಜ್ಜ ಕುರ್ಚಿಯ ಮೇಲೆ ಕೂತಿದ್ದಾನೆ, ಆಯಿ ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟಿದ್ದಾಳೆ. ಆ ಕೈಯೊಂದನ್ನೇ ದೊಡ್ಡದು ಮಾಡಿಸಿದೆ. ಅಂಗೈ ಅಗಲದ ಫೋಟೊದಲ್ಲಿ ಯಾರ ಕಣ್ಣಿಗೂ ಬಿದ್ದಿರದ ಸಂಗತಿ ಧೋತರದ ಮೇಲೆ ಎದ್ದು ಬಂತು: ಹೆಬ್ಬೆರಳು ಕುರ್ಚಿಯ ಮೇಲಿಲ್ಲ, ಅಜ್ಜನ ಕೋಟಿನ ಭುಜವನ್ನು ಒಂಚೂರು ಮುಟ್ಟಿದೆ. ಮುಂಗೈಯಲ್ಲಿ ಬಳೆಗಳು ಒತ್ತೊತ್ತಾಗಿ ಕೂತಿವೆ. ಆ ಬಳೆಗಳ ಗೆರೆಯ ಮೇಲೇ ಸೂಜಿ ಓಡಿಸಿದೆ, ಹಸಿರು ದಾರದಲ್ಲಿ. ಅವ್ವ ಪಕ್ಕದಲ್ಲೇ ಕೂತು ನೋಡಿದಳು. ಕೈ ಹಿಡಿಯಲಿಲ್ಲ, "ಆ ಕಡೀ ಬಳಿ ಚಿನ್ನದ್ದು, ಅದಕ ಹಳದಿ ದಾರ ಹಾಕು" ಅಂದಳಷ್ಟೇ.

ಕೈಯಾದರೂ ಆಯಿಯದೇ, ಅದಕ್ಕೂ ಕಾಲು ತಾಗಬಾರದು ಎನ್ನುವ ಕಟ್ಟಳೆ ಉಳಿಯಿತು. ಅವ್ವನೇ ಪರಿಹಾರ ಹೇಳಿದಳು. ಚಿತ್ರಗಳೆಲ್ಲ ತಲೆಯ ಕಡೆಯ ಅರ್ಧಕ್ಕೆ, ಕಾಲಿನ ಕಡೆ ಬರೀ ತೇಪೆ. ಕತ್ತಲಲ್ಲೂ ಗೊತ್ತಾಗಲೆಂದು ತಲೆಯ ಅಂಚಿಗೆ ಇಳಕಲ್ ಸೀರೆಯ ದಪ್ಪ ದಡಿ. ಒಗೆಯುವ ಸಮಸ್ಯೆಯೂ ಅವಳ ಕೈಯಲ್ಲೇ ಬಗೆಹರಿಯಿತು. ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಸೋಡಾ ನೀರಿಗೆ ಬೀಳುತ್ತವೆ, ಸೋಡಾ ತಾಗಿದರೆ ಈ ನೀಲಿ ಹಾರಿಹೋಗುತ್ತದೆ. ಅಂಟವಾಳಕಾಯಿ ನೆನೆಸಿದ ನೀರಿಗೆ ಏನೂ ಆಗುವುದಿಲ್ಲ.

ಸುದ್ದಿ ಹುಬ್ಬಳ್ಳಿಗೆ ಮುಟ್ಟಿ ಚಿಗವ್ವ ಫೋನ್ ಮಾಡಿದ್ದಳು. ಅವಳಿಗೂ ಕೌದಿಯಲ್ಲಿ ಜಾಗ ಬೇಕಂತೆ, ಮುಖ ಸಹಿತ ಬೇಕಂತೆ, ಆದರೆ ಬದುಕಿರುವವಳನ್ನು ಸತ್ತವರ ಮಗ್ಗುಲಿಗೆ ಕೂರಿಸಬಾರದಂತೆ. ಫೋಟೊ ಮೂಡಿಸಲೆಂದು ಅತಿ ಪ್ರೀತಿಯ ಸೀರೆಯೊಂದನ್ನು ಕೊರಿಯರ್ ಮಾಡಿದ್ದಾಳೆ. ಬಿಚ್ಚಿ ನೋಡಿದರೆ ಅಪ್ಪಟ ಪಾಲಿಯೆಸ್ಟರ್.