ವೈಸಿನಲ್ಲಿ ಹಿಂಡಿದ್ದೆಲ್ಲ ಎರರ್ ಕಾಯಿನ್ ಆಗಲ್ಲ

ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದ್ದೀನಿ. ಅಕ್ಕನ ಮಗ ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡೆಲ್ಲ ಸುರಿದು, ಎರರ್ ಕಾಯಿನ್ ಅಂತ, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯ ಅಂತ ನಂಬಿ, ಒಂದು ನಾಣ್ಯ ತಗೊಂಡು ಬಂದ. "ಮಾವ, ಬ್ರಾಕೇಜ್ ಸಿಕ್ತು!" ಅಂತ ಅಂಗೈ ಚಾಚಿದಾಗ ಅವನ ಮುಖ ನೋಡಬೇಕಿತ್ತು. ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿದ ಅರ್ಧ ನಿಮಿಷಕ್ಕೆ ನನಗೆ ಗೊತ್ತಾಯ್ತು. ಅವನಿಗೆ ಹೇಳೋಕೆ ಮಾತ್ರ ಬಾಯೇ ಬರಲಿಲ್ಲ.

ಬ್ರಾಕೇಜ್ ಅನ್ನೋದು ಅಂಥ ಒಂದು ತಪ್ಪು. ಅದು ಆಗೋದು ಹೇಗೆ? ಟಂಕಸಾಲೆಯಲ್ಲಿ ಅಚ್ಚೊತ್ತಿದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೇ ಕಚ್ಚಿಕೊಂಡು ಕೂರುತ್ತೆ. ಮುಂದಿನ ಬಿಲ್ಲೆಯ (ಇನ್ನೂ ಅಚ್ಚೊತ್ತದ ಲೋಹದ ತುಂಡು) ಆ ಕಡೆ ಮುಖಕ್ಕೆ ಅಚ್ಚಿನ ಬದಲು ಈ ನಾಣ್ಯವೇ ಒತ್ತುತ್ತೆ. ಅದಕ್ಕೇ ಅಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಆಗಿ, ಒಳಕ್ಕೆ ತಗ್ಗಾಗಿ ಮೂಡೋದು. ಬಿಲ್ಲೆ ಪೂರ್ತಿ ಮುಚ್ಚಿಹೋಗಿದ್ದರೆ ಆ ಮುಖದಲ್ಲಿ ಇರಬೇಕಿದ್ದ ಚಿತ್ರದ ಸುಳಿವೂ ಇರಬಾರದು. ಅಚ್ಚು ಅದನ್ನ ಮುಟ್ಟೇ ಇಲ್ಲವಲ್ಲ! ಹುಡುಗನ ನಾಣ್ಯದಲ್ಲಿ ತಗ್ಗಾದ ಉಲ್ಟಾ ಅಕ್ಷರಗಳ ಜೊತೆಗೆ ಮೊದಲಿನ ಅಕ್ಷರಗಳೂ ಇದ್ದವು, ಜಜ್ಜಿ ಚಪ್ಪಟೆಯಾಗಿ. ತಿರುಗಿಸಿ ನೋಡಿದರೆ ಇನ್ನೊಂದು ಮುಖದ ಎತ್ತರದ ಭಾಗಗಳೂ ಒತ್ತಿಹೋಗಿ ಮಿರಿಮಿರಿ ಮಿಂಚುತ್ತಿದ್ದವು. ಎರಡು ನಾಣ್ಯ ಒಂದರ ಮೇಲೊಂದಿಟ್ಟು, ವರ್ಕ್‌ಶಾಪಿನಲ್ಲಿ ವಸ್ತು ಬಿಗಿದು ಹಿಡಿಯೋ ವೈಸಿನಲ್ಲಿ ಬಿಗಿದಿದ್ದಾರೆ, ಅಷ್ಟೇ.

ಮಾರಿದವನನ್ನ ಕೇಳಿದರೆ ಏನಂದ ಗೊತ್ತಾ? "ಟಂಕಸಾಲೆಯಲ್ಲಿ ಏನು ಬೇಕಾದ್ರೂ ಆಗಬಹುದು ಸಾರ್."

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಏನು ಬೇಕಾದ್ರೂ ಆಗಲ್ಲ ರೀ! ಹಾಳೆಯಿಂದ ಬಿಲ್ಲೆ ಕತ್ತರಿಸ್ತಾರೆ, ಅಂಚು ಎತ್ತರಿಸ್ತಾರೆ, ಕಾಲರ್ (ಬಿಲ್ಲೆಯ ಸುತ್ತ ಕೂರೋ ಬಳೆ) ಒಳಗಿಟ್ಟು ಎರಡು ಅಚ್ಚುಗಳ ಮಧ್ಯೆ ಒತ್ತುತ್ತಾರೆ. ತಪ್ಪು ಇದರಲ್ಲಿ ಯಾವುದೋ ಒಂದು ಹಂತದಲ್ಲೇ ಆಗಿರಬೇಕು, ಆ ಹಂತದ ಗುರುತು ನಾಣ್ಯದ ಮೇಲೆ ಇರಬೇಕು. ಕಾಲರ್ ಕೂರದಿದ್ದರೆ ಲೋಹ ಹೊರಕ್ಕೆ ಹರಡಿ ನಾಣ್ಯ ಅಗಲವಾಗುತ್ತೆ. ಬಿಲ್ಲೆ ಕತ್ತರಿಸುವಾಗಲೇ ಒಂದು ಪಕ್ಕ ಚೂರು ಹೋಗಿದ್ದರೆ ಬಹಳಷ್ಟು ಸಲ ಅದರ ಎದುರು ದಿಕ್ಕಿನ ಅಂಚು ಮಂಕಾಗಿರುತ್ತೆ, ಅಂಚು ಎತ್ತರಿಸುವಾಗ ಅಲ್ಲಿಗೆ ಸರಿಯಾಗಿ ಒತ್ತಡ ಸಿಕ್ಕಿರಲ್ಲ. ಮನೆಯಲ್ಲಿ ಕೂತು ಅರದಿಂದ ಉಜ್ಜಿದವನಿಗೆ ಅದನ್ನ ಮಾಡೋಕೆ ಬರಲ್ಲ. ಆದರೆ ಕೊಳ್ಳೋರು ಎದುರಿನ ಅಂಚು ನೋಡಿದರೆ ತಾನೆ!

ಇನ್ನು ಮಸುಕು ಫೋಟೊ ನೋಡಿ "ಅಬ್ಬಾ, ಅದೃಷ್ಟ ಖುಲಾಯಿಸ್ತು ಬಿಡಿ" ಅನ್ನೋರಿದ್ದಾರಲ್ಲ, ಅವರ ಮೇಲೆ ನನಗೆ ಇನ್ನೂ ಸಿಟ್ಟು. ತೂಕ ಎಷ್ಟು ಅಂತ ಒಬ್ಬರೂ ಕೇಳಲ್ಲ. ಅಮೆರಿಕದ 1943ರ ಒಂದು ಸೆಂಟ್ ನಾಣ್ಯದ ಕಥೆ ಈ ಹವ್ಯಾಸದಲ್ಲಿ ಯಾರಿಗೆ ಗೊತ್ತಿಲ್ಲ? ಯುದ್ಧಕ್ಕೆ ತಾಮ್ರ ಬೇಕು ಅಂತ ಆ ವರ್ಷ ಉಕ್ಕಿನಲ್ಲಿ ಟಂಕಿಸಿದರು. ಎಲ್ಲೋ ಕೆಲವು ಮಾತ್ರ ಕಂಚಿನ ಬಿಲ್ಲೆಯ ಮೇಲೆ ಬಿದ್ದವು. ಅವತ್ತಿಂದ ಜನ ಉಕ್ಕಿನ ನಾಣ್ಯಕ್ಕೆ ತಾಮ್ರದ ಲೇಪ ಕೊಟ್ಟು ಮಾರ್ತಾನೇ ಇದ್ದಾರೆ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಕಥೆ ಮುಗೀತು. ತೂಗಿದರೆ ಉಕ್ಕಿನದು ಸುಮಾರು 2.7 ಗ್ರಾಂ, ಕಂಚಿನದು 3.1 ಗ್ರಾಂ. 1948ರ ಕಂಚಿನ ನಾಣ್ಯದ 8 ಕೆರೆದು 3 ಮಾಡೋರೂ ಇದ್ದಾರೆ, ಅಲ್ಲಿ ತೂಕ, ಅಯಸ್ಕಾಂತ ಎರಡೂ ಸಾಲದು, ಅಂಕಿಯನ್ನೇ ಲೂಪ್ ಅಡಿ ನೋಡಬೇಕು. ಇದೇನು ಬ್ರಹ್ಮವಿದ್ಯೆಯಾ? ದುಡ್ಡು ಕೊಡೋಕೆ ಮುಂಚೆ ಹತ್ತು ನಿಮಿಷದ ಕೆಲಸ. ಹೇಳಿದರೆ ನಮಗೇ "ಹೊಟ್ಟೆಕಿಚ್ಚು" ಅಂತಾರೆ.

ಹುಡುಗ ಆ ನಾಣ್ಯ ಬಿಸಾಕಿಲ್ಲ. ನಿನ್ನೆ ರಾತ್ರಿ ಮೊಬೈಲ್ ಹಿಡ್ಕೊಂಡು ಓಡಿ ಬಂದ. ಅದೇ ಮನುಷ್ಯ ಇನ್ನೊಂದು "ಅಪರೂಪದ ಬ್ರಾಕೇಜ್" ಮಾರಾಟಕ್ಕಿಟ್ಟಿದ್ದಾನೆ. ಫೋಟೊ ದೊಡ್ಡದು ಮಾಡಿ, ತನ್ನ ನಾಣ್ಯ ಪಕ್ಕಕ್ಕೆ ಹಿಡಿದು ತೋರಿಸಿದ. ಅದರಲ್ಲಿ ಜಜ್ಜಿಹೋಗಿರೋ ಅಕ್ಷರಗಳು, ಇವನ ನಾಣ್ಯದ ತಗ್ಗುಗಳು, ಎರಡೂ ಒಂದಕ್ಕೊಂದು ಅಕ್ಷರಕ್ಕೆ ಅಕ್ಷರ ಕೂರುತ್ತವೆ. ವೈಸಿನಲ್ಲಿ ಇದರ ಜೊತೆ ಸಿಕ್ಕಿಕೊಂಡಿದ್ದ ಜೋಡಿ ಅದೇ.